ಕೋಗಿಲೆಗೆ ಹಾಡು ಕಲಿಸಿದವರು ಯಾರು?

ಕೆಲವು ವರ್ಷಗಳ ಹಿಂದಿನ ಮಾತು. ಬಿ.ಎ. ತರಗತಿಯಲ್ಲಿ ಹಳಗನ್ನಡ ಕಾವ್ಯದ ವಸಂತವರ್ಣನೆಯೊಂದನ್ನು ಪಾಠ ಹೇಳುತ್ತಿದ್ದೆ. ಕೋಗಿಲೆಗೆ ‘ಪರಪುಷ್ಟ’ವೆಂಬ ಹೆಸರು ಬಂದ ಬಗೆಯನ್ನು ವಿವರಿಸಿದೆ. ಅದು ತಾನಾಗಿ ಗೂಡು ಕಟ್ಟದು; ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹಾರಿಹೋಗುತ್ತದೆ; ಕಾಗೆಯೇ ಕಾವು ಕೊಟ್ಟು, ಮರಿಗೆ ತುತ್ತುಣಿಸಿ ಸಾಕುತ್ತದೆ; ಪರರಿಂದ ಪೋಷಣೆ ಪಡೆದುದರಿಂದ ಪರಪುಷ್ಟ. ಪದದ ವ್ಯುತ್ಪತ್ತಿ ತಿಳಿಯಿತು, ಇನ್ನೇನು ಪುಟ ತಿರುವಬೇಕು ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಎದ್ದು ನಿಂತ.

“ಸಾರ್, ಕಾಗೆ ಸಾಕಿದ ಮರಿ ‘ಕಾ’ ಎನ್ನಬೇಕಲ್ಲವೆ? ಅದಕ್ಕೆ ‘ಕುಹೂ’ ಎನ್ನುವುದನ್ನು ಕಲಿಸಿದವರು ಯಾರು?”

ತರಗತಿ ನಕ್ಕಿತು. ನಾನೂ ನಕ್ಕೆ. “ಅದು ಜಾತಿಗುಣವಪ್ಪಾ” ಎಂದು ಅವನನ್ನು ಕೂರಿಸಿದೆ. ಆದರೆ ಆ ಮಾತು ಉತ್ತರವಲ್ಲ, ಉತ್ತರವಿಲ್ಲದವನ ಜಾಣತನ ಎಂಬುದು ನನಗೆ ತಿಳಿದಿತ್ತು. ಕನ್ನಡದ ಅಧ್ಯಾಪಕನಾದ ನನಗೂ ಪಕ್ಷಿಶಾಸ್ತ್ರಕ್ಕೂ ಅದುವರೆಗೆ ಯಾವ ನಂಟೂ ಇರಲಿಲ್ಲ. ಆ ಹುಡುಗನ ಪ್ರಶ್ನೆಯ ಬೆನ್ನು ಹತ್ತಿ ಗ್ರಂಥಾಲಯದಲ್ಲಿ ಅಲೆದಾಡಿದ ಮೇಲೆ, ನಾನು ಕಲಿಸುವ ವಿಷಯಕ್ಕೂ ಹಕ್ಕಿಗಳ ಲೋಕಕ್ಕೂ ನಾನೆಣಿಸದಷ್ಟು ಹತ್ತಿರದ ಸಂಬಂಧವುಂಟೆಂದು ಕಂಡಿತು. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಪ್ರಪಂಚದಲ್ಲಿ ಇಂದು ಸುಮಾರು 11,000 ಜಾತಿಯ ಹಕ್ಕಿಗಳಿವೆ. ಕ್ಯೂಬಾ ದ್ವೀಪದಲ್ಲಿ ಎರಡು ಗ್ರಾಂ ತೂಗುವ, ದುಂಬಿಗಿಂತ ತುಸು ದೊಡ್ಡದಾದ ಝೇಂಕಾರದ ಹಕ್ಕಿಯಿದೆ. ಆಫ್ರಿಕದ ಬಯಲಿನಲ್ಲಿ ನೂರು ಕಿಲೋಗ್ರಾಂ ಮೀರಿ ತೂಗುವ ಉಷ್ಟ್ರಪಕ್ಷಿಯಿದೆ. ಈ ಗಾತ್ರ, ಬಣ್ಣ, ಕೊಕ್ಕು, ಕಾಲುಗಳ ವೈವಿಧ್ಯವನ್ನು ಚಿತ್ರಪುಸ್ತಕಗಳಲ್ಲಿ ನೋಡಿ ನಾವು ಬೆರಗಾಗುತ್ತೇವೆ. ಆದರೆ ಯಾವ ಚಿತ್ರವೂ ತೋರಿಸಲಾರದ ಇನ್ನೊಂದು ವೈವಿಧ್ಯವಿದೆ. ಅದು ದನಿಯದು.

ದನಿ ಎಂದರೆ ಕೊರಳಿನಿಂದಲೇ ಬರಬೇಕೆಂಬ ನಿಯಮವೂ ಹಕ್ಕಿಗಳಲ್ಲಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಊರ ನಡುವಣ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಬೆಳೆದ ಮೇಲೆ ಹೆಚ್ಚುಕಡಮೆ ಮೂಕ. ಕೊಕ್ಕಿನ ಎರಡು ಹೋಳುಗಳನ್ನು ಒಂದಕ್ಕೊಂದು ಬಡಿದು ಕಟಕಟ ಸದ್ದು ಮಾಡಿಯೇ ಅವು ಸಂಗಾತಿಗೆ ಹೇಳಬೇಕಾದುದನ್ನು ಹೇಳುತ್ತವೆ. ಮರಕುಟಿಗವು ಒಣಕೊಂಬೆಯನ್ನೇ ಮದ್ದಳೆಯಾಗಿ ಮಾಡಿಕೊಳ್ಳುತ್ತದೆ. ದಕ್ಷಿಣ ಅಮೆರಿಕದ ಈಕ್ವೆಡಾರ್, ಕೊಲಂಬಿಯಾ ದೇಶಗಳ ಕಾಡಿನಲ್ಲಿರುವ ಮ್ಯಾನಕಿನ್ ಎಂಬ ಪುಟ್ಟ ಹಕ್ಕಿಯ ಒಂದು ಜಾತಿ ರೆಕ್ಕೆಯ ಗರಿಗಳನ್ನು ಒಂದಕ್ಕೊಂದು ಉಜ್ಜಿ ಪಿಟೀಲಿನಂಥ ನಾದವನ್ನು ಹೊಮ್ಮಿಸುತ್ತದೆ. ನ್ಯೂಜಿಲೆಂಡಿನ ಹಾರಲಾರದ ಗಿಳಿ ಕಾಕಪೊ ನೆಲದಲ್ಲಿ ಬಟ್ಟಲಿನಂಥ ಗುಳಿ ತೋಡಿ, ಅದರಲ್ಲಿ ಕುಳಿತು, ಎದೆಯುಬ್ಬಿಸಿ ಕೂಗಿದರೆ ಆ ಗಂಭೀರ ದನಿ ಇರುಳಿನಲ್ಲಿ ಹಲವು ಕಿಲೋಮೀಟರು ದೂರ ಕೇಳಿಸುತ್ತದೆ. ಇನ್ನು ಅಮೆರಿಕ ಖಂಡಗಳ ರಣಹದ್ದುಗಳಿಗೆ ದನಿಯ ಅಂಗವೇ ಇಲ್ಲ. ಬುಸುಗುಟ್ಟುವುದು, ಗುರುಗುಟ್ಟುವುದು ಇವೆರಡೇ ಅವುಗಳ ಮಾತು.

ಉಳಿದ ಹಕ್ಕಿಗಳಿಗೆ ದನಿಯನ್ನು ಕೊಡುವ ಅಂಗದ ಹೆಸರು ಸಿರಿಂಕ್ಸ್. ನಮ್ಮ ಧ್ವನಿಪೆಟ್ಟಿಗೆ ಗಂಟಲಿನ ಮೇಲ್ತುದಿಯಲ್ಲಿದ್ದರೆ, ಹಕ್ಕಿಯದು ಉಸಿರುನಾಳದ ಕೆಳತುದಿಯಲ್ಲಿ, ಅದು ಎರಡು ಕವಲಾಗಿ ಶ್ವಾಸಕೋಶಗಳಿಗೆ ಸಾಗುವ ಎಡೆಯಲ್ಲಿ ಇರುತ್ತದೆ. ಹಾಡುಹಕ್ಕಿಗಳಲ್ಲಿ ಈ ಅಂಗದ ಎರಡು ಪಕ್ಕಗಳೂ ಬೇರೆಬೇರೆಯಾಗಿ ನಡೆಯಬಲ್ಲವು. ಆದ್ದರಿಂದಲೇ ಉತ್ತರ ಅಮೆರಿಕದ ವುಡ್ ಥ್ರಷ್ ಎಂಬ ಹಕ್ಕಿ ಒಂದೇ ಕ್ಷಣದಲ್ಲಿ ಎರಡು ಸ್ವರಗಳನ್ನು ನುಡಿಸುತ್ತದೆ. ತನಗೆ ತಾನೇ ಶ್ರುತಿ ಹಿಡಿಯುವ ಗಾಯಕನಂತೆ.

ಈ ದನಿಗಳಿಗೆ ಮನುಷ್ಯನು ಕಿವಿಗೊಟ್ಟುದು ಇಂದು ನಿನ್ನೆಯಲ್ಲ. ಕಾಗೆ, ಕೋಗಿಲೆ, ಕುಕ್ಕುಟ, ಟಿಟ್ಟಿಭ—ಈ ಹೆಸರುಗಳನ್ನು ಬಾಯಿಬಿಟ್ಟು ಹೇಳಿ ನೋಡಿ, ಹಕ್ಕಿಯೇ ಕೂಗಿದಂತಾಗುತ್ತದೆ. ‘ಕಾಕ’ವೆಂಬುದು ದನಿಯ ಅನುಕರಣೆಯಿಂದ ಬಂದ ಹೆಸರೆಂದೂ, ಹಕ್ಕಿಗಳ ಹೆಸರುಗಳಲ್ಲಿ ಇಂಥವು ಹೆಚ್ಚೆಂದೂ ಯಾಸ್ಕನು ತನ್ನ ‘ನಿರುಕ್ತ’ದಲ್ಲಿ ಎಂದೋ ಗುರುತಿಸಿದ್ದಾನೆ. ಹಕ್ಕಿಗೆ ಹೆಸರಿಟ್ಟವರು ನಾವೆಂದುಕೊಂಡಿದ್ದೇವೆ. ನಿಜವಾಗಿ ಎಷ್ಟೋ ಹಕ್ಕಿಗಳು ತಮ್ಮ ಹೆಸರನ್ನು ತಾವೇ ಹೇಳಿಕೊಂಡಿವೆ.

ಇರಲಿ, ಹುಡುಗನ ಪ್ರಶ್ನೆಗೆ ಬರೋಣ. ಕೋಗಿಲೆಗೆ ಹಾಡನ್ನು ಯಾರೂ ಕಲಿಸಲಿಲ್ಲ. ಕಲಿಸಬೇಕಾಗಿಯೂ ಇಲ್ಲ. ಕೋಳಿಯ ಕೂಗು, ಪಾರಿವಾಳದ ಗುಟುರು, ಕೋಗಿಲೆಯ ಕುಹೂ—ಇವು ಗರಿಯ ಬಣ್ಣದಂತೆ ಹುಟ್ಟಿನಿಂದಲೇ ಬಂದವು. ಕಾಗೆಯ ಗೂಡಿನಲ್ಲಿ ‘ಕಾ’ ಎಂಬುದನ್ನೇ ಕೇಳುತ್ತ ಬೆಳೆದರೂ ಕೋಗಿಲೆ ಕೋಗಿಲೆಯಾಗಿಯೇ ಹಾಡುತ್ತದೆ. ಹಾಗಾದರೆ ನಾನು ಹೇಳಿದ ‘ಜಾತಿಗುಣ’ ಸರಿಯಾಯಿತಲ್ಲ ಎಂದು ಒಂದು ಗಳಿಗೆ ಹಿಗ್ಗಿದೆ. ಆ ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಪ್ರಪಂಚದ ಹಕ್ಕಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಈ ಮಾತು ಹೊಂದುವುದಿಲ್ಲ. ಹಾಡುಹಕ್ಕಿಗಳು, ಗಿಳಿಗಳು, ಝೇಂಕಾರದ ಹಕ್ಕಿಗಳು ಈ ಮೂರು ಗುಂಪಿನವು ತಮ್ಮ ದನಿಯನ್ನು ನಾವು ಮಾತು ಕಲಿಯುವಂತೆ ಕೇಳಿ ಕಲಿಯಬೇಕು.

ಇದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿಲಿಯಂ ಥೋರ್ಪ್ ಮುಖ್ಯರು. 1950ರ ದಶಕದಲ್ಲಿ ಅವರು ಚಾಫಿಂಚ್ ಎಂಬ ಹಾಡುಹಕ್ಕಿಯ ಮರಿಗಳನ್ನು ಹಿರಿಯ ಹಕ್ಕಿಗಳ ದನಿ ಕಿವಿಗೆ ಬೀಳದಂತೆ ಬೆಳೆಸಿದರು. ಬೆಳೆದ ಮೇಲೆ ಆ ಹಕ್ಕಿಗಳು ಹಾಡಿದವು, ನಿಜ, ಆದರೆ ಆ ಹಾಡಿನಲ್ಲಿ ಚಾಫಿಂಚಿನ ಹಾಡಿನ ಅಳತೆಯಿತ್ತು, ಅಲಂಕಾರವಿರಲಿಲ್ಲ, ಮೊದಲಿತ್ತು, ಮುಕ್ತಾಯವಿರಲಿಲ್ಲ. ಛಂದಸ್ಸಿನ ಮಾತ್ರೆಗಳನ್ನು ಎಣಿಸಬಲ್ಲ, ಆದರೆ ಒಂದು ಕಾವ್ಯವನ್ನೂ ಓದಿರದ ವಿದ್ಯಾರ್ಥಿಯ ಪದ್ಯದಂತೆ ಎಂದು ನನ್ನ ಮನಸ್ಸಿಗೆ ತೋರಿತು.

ಥೋರ್ಪರ ಶಿಷ್ಯ ಪೀಟರ್ ಮಾರ್ಲರ್ ಅಮೆರಿಕಕ್ಕೆ ಹೋಗಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ಬಿಳಿನೆತ್ತಿಯ ಗುಬ್ಬಿಯನ್ನು ಅಭ್ಯಾಸಮಾಡಿದರು. 1960ರ ದಶಕದಲ್ಲಿ ಅವರು ಪ್ರಕಟಿಸಿದ ಸಂಗತಿಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಂದೇ ಜಾತಿಯ ಈ ಗುಬ್ಬಿಗಳು ಒಂದೊಂದು ಪ್ರದೇಶದಲ್ಲಿ ಒಂದೊಂದು ಬಗೆಯಾಗಿ ಹಾಡುತ್ತವೆ. ಕೆಲವೇ ಮೈಲಿಗಳ ಅಂತರದಲ್ಲಿ ಹಾಡಿನ ಧಾಟಿ ಬದಲಾಗುತ್ತದೆ. ಬಲ್ಲವನನ್ನು ಕಣ್ಣು ಕಟ್ಟಿ ಒಂದೆಡೆ ಬಿಟ್ಟರೆ, ಗುಬ್ಬಿಯ ಹಾಡು ಕೇಳಿ ತಾನೆಲ್ಲಿದ್ದೇನೆಂದು ಹೇಳಬಲ್ಲನಂತೆ! ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಮೈಸೂರಿನ ಕನ್ನಡ ಎಂದು ನಾವು ಕಿವಿಯಿಂದಲೇ ಊರು ಹಿಡಿಯುವುದಿಲ್ಲವೆ? ಉಪಭಾಷೆಯೆಂಬುದು ಮನುಷ್ಯನ ಸ್ವತ್ತೆಂದು ನಂಬಿ ಪಾಠ ಹೇಳಿಕೊಂಡು ಬಂದಿದ್ದ ನನಗೆ ಇದೊಂದು ಹೊಸ ಪಾಠವಾಯಿತು.

ಆ ಗುಬ್ಬಿಮರಿಗೆ ಕಲಿಕೆಯ ಕಾಲವೂ ಗೊತ್ತಾಗಿದೆ. ಹುಟ್ಟಿದ ಸುಮಾರು ಹತ್ತನೆಯ ದಿನದಿಂದ ಐವತ್ತನೆಯ ದಿನದವರೆಗೆ ಕಿವಿಗೆ ಬಿದ್ದುದು ಮನಸ್ಸಿನಲ್ಲಿ ಅಚ್ಚಾಗುತ್ತದೆ. ಆಗ ಕೇಳದಿದ್ದರೆ ಮುಂದೆ ಎಷ್ಟು ಕೇಳಿಸಿದರೂ ಸರಿಯಾಗಿ ಹತ್ತುವುದಿಲ್ಲ. ಕೇಳಿದ್ದನ್ನು ಅದು ಕೂಡಲೇ ಹಾಡುವುದೂ ಇಲ್ಲ. ತಿಂಗಳುಗಳ ಮೇಲೆ, ಎಳೆಕೂಸು ತೊದಲುವಂತೆ, ಮೊದಲು ಅಸ್ಪಷ್ಟವಾಗಿ ಗೊಣಗುತ್ತದೆ; ನೆನಪಿನಲ್ಲಿರುವ ಹಾಡಿಗೂ ತನ್ನ ಬಾಯಿಂದ ಬರುವ ಹಾಡಿಗೂ ತಾಳೆ ನೋಡುತ್ತ ತಿದ್ದಿಕೊಳ್ಳುತ್ತದೆ; ಕೊನೆಗೊಂದು ದಿನ ಹಾಡು ನೆಲೆಗೊಳ್ಳುತ್ತದೆ. ಕಿವಿ ಕೇಳಿಸದ ಹಕ್ಕಿಗೆ ಈ ತಿದ್ದುಪಡಿ ಸಾಧ್ಯವಿಲ್ಲ. ಅದರ ಹಾಡು ಕಡೆಯವರೆಗೂ ತೊದಲಾಗಿಯೇ ಉಳಿಯುತ್ತದೆ.

ಕಲಿಯುವ ಶಕ್ತಿ ಬಂದಮೇಲೆ ಅದು ತನ್ನವರ ಹಾಡಿಗೇ ನಿಲ್ಲಬೇಕೆಂದಿಲ್ಲ. ನಮ್ಮ ಪಶ್ಚಿಮಘಟ್ಟಗಳ ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ಹೆಸರುವಾಸಿ. ಆಸ್ಟ್ರೇಲಿಯದ ಲೈರ್ ಹಕ್ಕಿಯ ಹಾಡಿನಲ್ಲಂತೂ ಬಹುಪಾಲು ಎರವಲೇ. 1934ರಿಂದ ಮೊದಲಾಗಿ ಈ ಹಕ್ಕಿಗಳನ್ನು ಟಾಸ್ಮೇನಿಯಾ ದ್ವೀಪಕ್ಕೆ ಒಯ್ದು ಬಿಟ್ಟರು. ಅವು ತಾಯ್ನೆಲದಲ್ಲಿ ಅನುಕರಿಸುತ್ತಿದ್ದ ಚಾಟಿಹಕ್ಕಿ ಆ ದ್ವೀಪದಲ್ಲಿ ಇಲ್ಲವೇ ಇಲ್ಲ. ಆದರೂ ದಶಕಗಳ ಮೇಲೆ ಅಲ್ಲಿನ ಲೈರ್ ಹಕ್ಕಿಗಳ ಹಾಡಿನಲ್ಲಿ ಅದರ ದನಿ ಕೇಳಿಬರುತ್ತಿತ್ತು. ಯೂರೋಪಿನ ಜೌಗುನೆಲದ ವಾರ್ಬ್ಲರ್ ಎಂಬ ಹಕ್ಕಿಯ ಕಥೆ ಇನ್ನೂ ವಿಚಿತ್ರ. ಯೂರೋಪಿನಲ್ಲಿ ಹುಟ್ಟಿ ಚಳಿಗಾಲಕ್ಕೆ ಆಫ್ರಿಕಕ್ಕೆ ವಲಸೆ ಹೋಗುವ ಈ ಹಕ್ಕಿ ಎರಡು ಖಂಡಗಳಲ್ಲೂ ಕೇಳಿದ ದನಿಗಳನ್ನು ಹೆಣೆದು ಹಾಡುತ್ತದೆ. 1979ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದೊಂದು ಗಂಡಿನ ಹಾಡಿನಲ್ಲಿ ಸರಾಸರಿ 76 ಜಾತಿಯ ಹಕ್ಕಿಗಳ ಅನುಕರಣೆಯಿರುತ್ತದೆ. ಯೂರೋಪಿನ ಹೊಳೆಯ ದಡದಲ್ಲಿ ಕುಳಿತು ಅದು ಹಾಡಿದರೆ, ಬಲ್ಲವರಿಗೆ ಅದು ಆಫ್ರಿಕದ ಯಾವ ಸೀಮೆಗೆ ಹೋಗಿ ಬಂದಿತೆಂದು ಊಹಿಸಲು ಸಾಧ್ಯ.

ಹಾಡುವುದು ಗಂಡೇ, ಕೇಳುವುದು ಹೆಣ್ಣು ಎಂಬ ಮಾತೊಂದು ಬಹುಕಾಲ ರೂಢಿಯಲ್ಲಿತ್ತು. ಕೋಗಿಲೆಯ ಮಟ್ಟಿಗೆ ಕುಹೂ ಎನ್ನುವುದು ಕರಿಯ ಗಂಡೇ. ‘ಪುಂಸ್ಕೋಕಿಲ’ ಎಂಬ ಪದವನ್ನು ಬಳಸಿದ ಸಂಸ್ಕೃತ ಕವಿಗಳಿಗೆ ಇದು ಚೆನ್ನಾಗಿ ತಿಳಿದಿತ್ತು. ಕೋಗಿಲೆಯ ಕಂಠವನ್ನು ಗಾಯಕಿಗೆ ಹೋಲಿಸುವ ನಾವೇ ಮರೆತಿದ್ದೇವೆ. ಆದರೆ ಲೋಕಕ್ಕೆಲ್ಲ ಇದೇ ನಿಯಮವಲ್ಲ. 2014ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಮಾಹಿತಿ ದೊರೆತ ಹಾಡುಹಕ್ಕಿಗಳ ಜಾತಿಗಳಲ್ಲಿ ನೂರಕ್ಕೆ 71ರಲ್ಲಿ ಹೆಣ್ಣೂ ಹಾಡುತ್ತದೆಂದು ಕಂಡುಬಂದಿತು. ಪಕ್ಷಿಶಾಸ್ತ್ರ ಹೆಚ್ಚಾಗಿ ಬೆಳೆದುದು ಯೂರೋಪು, ಉತ್ತರ ಅಮೆರಿಕಗಳಲ್ಲಿ. ಅಲ್ಲಿನ ಹಕ್ಕಿಗಳಲ್ಲಿ ಹೆಣ್ಣು ಹಾಡುವುದು ಕಡಮೆ. ಅಲ್ಲಿ ಕಂಡುದನ್ನೇ ಎಲ್ಲೆಡೆಯ ನಿಯಮವೆಂದು ಬಗೆದುದರಿಂದ ಆದ ತಪ್ಪು ಇದು.

ಮನುಷ್ಯನೊಡನೆ ನೇರವಾಗಿ ಮಾತನಾಡುವ ಹಕ್ಕಿಯೂ ಒಂದಿದೆಯೆಂದರೆ ಓದುಗರು ಪಂಚತಂತ್ರವೆಂದುಕೊಂಡಾರು. ಆಫ್ರಿಕದ ಹನಿಗೈಡ್, ಎಂದರೆ ಜೇನಿನ ದಾರಿ ತೋರುವ ಹಕ್ಕಿ, ಕಾಡಿನಲ್ಲಿ ಮನುಷ್ಯನನ್ನು ಕಂಡರೆ ಚಿಲಿಪಿಲಿಗುಟ್ಟುತ್ತ, ಮರದಿಂದ ಮರಕ್ಕೆ ಹಾರುತ್ತ, ಜೇನುಗೂಡಿರುವ ಮರದ ಬಳಿಗೆ ಕರೆದೊಯ್ಯುತ್ತದೆ. ಅವನು ಹೊಗೆ ಹಾಕಿ ಜೇನನ್ನು ತೆಗೆದುಕೊಂಡರೆ, ಉಳಿದ ಮೇಣ ಅದರ ಪಾಲು. ಮೊಜಾಂಬಿಕಿನ ಯಾವೊ ಜನರು ಈ ಹಕ್ಕಿಯನ್ನು ಕರೆಯಲು ನಾಲಗೆ ಅದುರಿಸಿ, ಕಡೆಯಲ್ಲಿ ಹೂಂಕರಿಸಿ ವಿಶೇಷವಾದ ಸದ್ದೊಂದನ್ನು ಮಾಡುತ್ತಾರೆ. ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಕರೆಯಿಂದ ಜೇನು ದೊರೆಯುವ ಸಂಭವ ನೂರಕ್ಕೆ 16ರಿಂದ 54ಕ್ಕೆ ಏರುತ್ತದೆ. ತಾಂಜಾನಿಯದ ಹಾಡ್ಜಾ ಜನರು ಇದೇ ಹಕ್ಕಿಯನ್ನು ಬೇರೊಂದು ಬಗೆಯ ಸಿಳ್ಳಿನಿಂದ ಕರೆಯುತ್ತಾರೆ. ಎರಡು ಕಡೆಯ ಕರೆಗಳನ್ನು ಅದಲುಬದಲು ಮಾಡಿ ಕೇಳಿಸಿ ನೋಡಿದಾಗ, ಆಯಾ ಸೀಮೆಯ ಹಕ್ಕಿಗಳು ತಮ್ಮ ಸೀಮೆಯವರ ಕರೆಗೇ ಹೆಚ್ಚಾಗಿ ಓಗೊಟ್ಟವು ಎಂಬುದು 2023ರಲ್ಲಿ ತಿಳಿದುಬಂದಿತು. ಸೋಜಿಗವೆಂದರೆ ಈ ಹಕ್ಕಿಯೂ ಕೋಗಿಲೆಯಂತೆ ಪರಪುಷ್ಟವೇ. ಬೇರೆ ಹಕ್ಕಿಗಳ ಗೂಡಿನಲ್ಲಿ ಬೆಳೆಯುವಂಥದು. ಹೆತ್ತವರ ಮುಖವನ್ನೇ ಕಾಣದ ಅದು ತನ್ನೂರಿನ ಮನುಷ್ಯರ ಕರೆಯನ್ನು ಕಲಿತುಕೊಂಡಿದೆ.

ಇಷ್ಟನ್ನು ಓದುವಾಗ ನನಗಿದ್ದುದು ಬರಿಯ ಬೆರಗು. ಮುಂದಿನ ಸಂಗತಿ ಬೆರಗನ್ನು ಕಳವಳವಾಗಿ ಮಾಡಿತು.

ಆಸ್ಟ್ರೇಲಿಯದ ಆಗ್ನೇಯ ಭಾಗದಲ್ಲಿ ರೀಜೆಂಟ್ ಹನಿಈಟರ್ ಎಂಬ, ಮಕರಂದವನ್ನು ಹೀರಿ ಬಾಳುವ ಹಕ್ಕಿಯೊಂದಿದೆ. ಕಪ್ಪು ಮೈ, ಹಳದಿ ಚುಕ್ಕೆ; ನೋಡಲು ಬಲು ಚೆಲುವು. ಹಿಂದೆ ನೂರಾರು ಹಕ್ಕಿಗಳ ಹಿಂಡುಗಳಾಗಿ ನೀಲಗಿರಿಮರಗಳ ಕಾಡಿನಲ್ಲಿ ಹೂವಿನ ಸುಗ್ಗಿಯನ್ನು ಅರಸುತ್ತ ಅಲೆಯುತ್ತಿತ್ತು. ಹೊಲಗದ್ದೆಗಳಿಗಾಗಿ ಆ ಕಾಡುಗಳನ್ನು ಕಡಿದರು. 2021ರ ಹೊತ್ತಿಗೆ ಕಾಡಿನಲ್ಲಿ ಉಳಿದುವು ಸುಮಾರು ಮುನ್ನೂರು ಎಂದು ಅಂದಾಜು. ಆ ವರ್ಷ ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ರಾಸ್ ಕ್ರೇಟ್ಸ್ ಮತ್ತು ಸಂಗಡಿಗರು ಒಂದು ಸಂಗತಿಯನ್ನು ಪ್ರಕಟಿಸಿದರು. ಈ ಹಕ್ಕಿಯ ಗಂಡುಗಳಲ್ಲಿ ನೂರಕ್ಕೆ ಸುಮಾರು 12 ತಮ್ಮ ಜಾತಿಯ ಹಾಡನ್ನೇ ಅರಿಯವು. ಅಕ್ಕಪಕ್ಕದ ಬೇರೆ ಜಾತಿಯ ಹಕ್ಕಿಗಳ ಹಾಡನ್ನು ಹಾಡಿಕೊಂಡು ತಿರುಗುತ್ತವೆ.

ಕಾರಣ ಸರಳ, ಅಷ್ಟೇ ದಾರುಣ. ಗೂಡಿನಲ್ಲಿ ಮರಿಗಳಿರುವಾಗ ಶತ್ರುಗಳ ಗಮನ ಬೀಳದಿರಲೆಂದು ತಂದೆಹಕ್ಕಿ ಹಾಡುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಮರಿ ಗೂಡು ಬಿಟ್ಟ ಮೇಲೆ ಇತರ ಹಿರಿಯರಿಂದ ಕಲಿಯಬೇಕು. ಆ ಹಿರಿಯರೇ ಸಿಕ್ಕದಷ್ಟು ಸಂತತಿ ವಿರಳವಾಗಿದೆ. ಕಲಿಯುವ ಕಾಲ ಬಂದಿದೆ, ಕಲಿಯುವ ಶಕ್ತಿಯಿದೆ, ಗುರುವಿಲ್ಲ. ಕಿವಿಗೆ ಬಿದ್ದ ಯಾವುದೋ ದನಿಯನ್ನು ಅದು ತನ್ನದೆಂದು ಹಿಡಿಯುತ್ತದೆ. ಹೀಗೆ ಬೇರೆ ಹಾಡು ಕಲಿತ ಗಂಡಿಗೆ ಸಂಗಾತಿ ದೊರೆಯುವುದು ಕಷ್ಟ. ಸಂಗಾತಿ ದೊರೆಯದಿದ್ದರೆ ಸಂತತಿ ಇನ್ನಷ್ಟು ಕ್ಷೀಣಿಸುತ್ತದೆ. ಕ್ಷೀಣಿಸಿದಷ್ಟೂ ಕಲಿಸುವವರು ಕಡಮೆಯಾಗುತ್ತಾರೆ. ಹಕ್ಕಿ ಅಳಿಯುವುದಕ್ಕೆ ಮೊದಲೇ ಅದರ ನುಡಿ ಅಳಿಯತೊಡಗಿದೆ.

ಆ ನುಡಿಯನ್ನು ಉಳಿಸಲು ಸಿಡ್ನಿಯ ಟರೋಂಗಾ ಮೃಗಾಲಯದವರು ಮಾಡಿದ ಕೆಲಸ ಅಧ್ಯಾಪಕನಾದ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಪಂಜರದಲ್ಲಿ ಹುಟ್ಟಿ ಬೆಳೆದ ಮರಿಗಳಿಗೆ ಅವರು ಕಾಡಿನ ಹಕ್ಕಿಗಳ ಹಾಡಿನ ಧ್ವನಿಮುದ್ರಣವನ್ನು ಕೇಳಿಸಿದರು. ಅದಷ್ಟರಿಂದಲೇ ಕೆಲಸ ಸಾಗಲಿಲ್ಲ. ಬಳಿಕ ಕಾಡಿನಲ್ಲಿ ಹುಟ್ಟಿ ಅಲ್ಲಿಯ ಹಾಡನ್ನು ಬಲ್ಲ ಗಂಡುಹಕ್ಕಿಗಳನ್ನೇ ಉಪಾಧ್ಯಾಯರಾಗಿ ನೇಮಿಸಿದರು. ಒಬ್ಬ ಗುರುವಿನ ಬಳಿ ಬಿಡುವ ಶಿಷ್ಯರ ಸಂಖ್ಯೆಯನ್ನು ಕಡಮೆಮಾಡಿದಾಗ ಕಲಿಕೆ ಉತ್ತಮಗೊಂಡಿತಂತೆ! ನೂರಿಪ್ಪತ್ತು ವಿದ್ಯಾರ್ಥಿಗಳ ತರಗತಿಗೆ ಪಾಠ ಹೇಳುವ ನನ್ನಂಥವರಿಗೆ ಇದನ್ನು ಹಕ್ಕಿಗಳಿಂದ ತಿಳಿಯಬೇಕಾಗಿರಲಿಲ್ಲ. ಆದರೂ ಸಮಾಧಾನವಾಯಿತು.

ಎಲ್ಲ ಕಥೆಗಳಿಗೂ ಈ ಸಮಾಧಾನವಿಲ್ಲ. ಹವಾಯಿ ದ್ವೀಪಸಮೂಹದ ಕವಾಯ್ ದ್ವೀಪದಲ್ಲಿ ಓಓ ಎಂಬ ಹಕ್ಕಿಯಿತ್ತು. ಅದರ ಹೆಸರೂ ಯಾಸ್ಕನು ಹೇಳಿದ ಬಗೆಯದೇ, ಕೂಗೇ ಹೆಸರಾದುದು. ಹೊರಗಿನಿಂದ ಬಂದ ಸೊಳ್ಳೆಗಳು ಹರಡಿದ ಹಕ್ಕಿಮಲೇರಿಯ, ಕಾಡಿನ ನಾಶ, ಬಿರುಗಾಳಿ ಇವುಗಳಿಗೆ ಸಿಕ್ಕಿ ಅದು ಕ್ಷೀಣಿಸುತ್ತ ಬಂದಿತು. ಅದರ ದನಿಯನ್ನು ಕಡೆಯ ಬಾರಿ ಕೇಳಿದುದು 1987ರಲ್ಲಿ. 2023ರಲ್ಲಿ ಅಮೆರಿಕದ ಸರ್ಕಾರ ಅದು ಅಳಿದುಹೋಯಿತೆಂದು ಘೋಷಿಸಿತು. ದನಿಯ ಮುದ್ರಿಕೆ ಉಳಿದಿದೆ. ಕೊಳಲಿನಂಥ ಆ ದನಿ ಒಂದೆರಡು ಪಲುಕು ನುಡಿದು ತಡೆಯುತ್ತದೆ. ಮತ್ತೆ ನುಡಿದು ತಡೆಯುತ್ತದೆ. ನಡುವಣ ಮೌನದಲ್ಲಿ ಮರುದನಿ ಬರುವುದಿಲ್ಲ. ನಾನು ಅದನ್ನು ಒಮ್ಮೆ ಕೇಳಿದೆ. ಇನ್ನೊಮ್ಮೆ ಕೇಳಲು ಮನಸ್ಸಾಗಲಿಲ್ಲ.

ನಮ್ಮ ಗದ್ದಲವೂ ಹಕ್ಕಿಗಳ ನುಡಿಯನ್ನು ಬದಲಿಸುತ್ತಿದೆ. ಮಾರ್ಲರ್ ಅಭ್ಯಾಸಮಾಡಿದ ಅದೇ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯ ಗುಬ್ಬಿಗಳು ವಾಹನಗಳ ಸದ್ದಿನ ನಡುವೆ ಗಂಟಲೆತ್ತಿ ಹಾಡುವುದನ್ನು ರೂಢಿಸಿಕೊಂಡಿದ್ದವು. 2020ರ ಸಾಂಕ್ರಾಮಿಕದ ದಿನಗಳಲ್ಲಿ ಬೀದಿಗಳು ಬರಿದಾದಾಗ ಅವು ದನಿ ತಗ್ಗಿಸಿ ಹಾಡಿದವು. ಆದರೂ ಹಾಡು ಮೊದಲಿಗಿಂತ ದೂರಕ್ಕೆ ಕೇಳಿಸಿತು, ಅದರ ಸೊಗಸೂ ಹೆಚ್ಚಿತು. ನಾವು ಸ್ವಲ್ಪ ಸುಮ್ಮನಾದರೆ ಅವು ಹಾಡಬಲ್ಲವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಮಲೆನಾಡಿನಲ್ಲಿ ಹುಟ್ಟಿದ ನಾನು ಚಿಕ್ಕಂದಿನಲ್ಲಿ ಮಳೆಗಾಲದ ಬೆಳಗುಗಳಲ್ಲಿ ಸಿಳ್ಳಾರನ ಹಾಡನ್ನು ಕೇಳುತ್ತ ಎಚ್ಚರಗೊಳ್ಳುತ್ತಿದ್ದೆ. ಹಳ್ಳದ ಬದಿಯಿಂದ, ಶಾಲೆಗೆ ಚಕ್ಕರ್ ಹೊಡೆದ ಹುಡುಗ ಗೊತ್ತುಗುರಿಯಿಲ್ಲದೆ ಸಿಳ್ಳು ಹಾಕಿಕೊಂಡು ನಡೆದಂತೆ ಅದು ಹಾಡುತ್ತಿತ್ತು. ಅದು ಕಲಿತ ಹಾಡು, ಆ ಹಳ್ಳದ ಹಿರಿಯರಿಂದ ಬಂದ ಹಾಡು ಎಂದು ಆಗ ತಿಳಿದಿರಲಿಲ್ಲ. ನನಗೆ ಹಕ್ಕಿಯ ಹೆಸರು ಹೇಳಿಕೊಟ್ಟವಳು ಅಜ್ಜಿ. ನನ್ನ ಮಕ್ಕಳಿಗೆ ನಾನು ಹೇಳಿಕೊಟ್ಟಿಲ್ಲ. ಪಟ್ಟಣದ ಮನೆಯಲ್ಲಿ ತೋರಿಸಲು ಸಿಳ್ಳಾರನೆಲ್ಲಿ ಎಂದು ನೆಪ ಹೇಳಿಕೊಂಡಿದ್ದೇನೆ. ಆದರೆ ಮಡಿವಾಳ ಹಕ್ಕಿಯಿದೆ, ಅದರ ಹೆಸರನ್ನೂ ಹೇಳಿಕೊಡಲಿಲ್ಲ.

ಪ್ರಶ್ನೆ ಕೇಳಿದ ಹುಡುಗ ಎಂದೋ ಪದವಿ ಮುಗಿಸಿ ಹೊರಟುಹೋದ. ಎಲ್ಲಿದ್ದಾನೋ ತಿಳಿಯದು. ಅವನು ಈ ಪುಟವನ್ನು ಓದುವುದಾದರೆ ನನ್ನ ಉತ್ತರ ಇದು: ಕೋಗಿಲೆಗೆ ಯಾರೂ ಕಲಿಸಲಿಲ್ಲಪ್ಪಾ, ಆದರೆ ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು. ಲೋಕದ ಅರ್ಧದಷ್ಟು ಹಕ್ಕಿಗಳಿಗೆ ಯಾರಾದರೂ ಕಲಿಸಲೇಬೇಕು.

ಈ ಬೇಸಗೆಯಲ್ಲಿ ನಮ್ಮ ಕಾಲೇಜಿನ ಕಾಂಪೌಂಡು ಗೋಡೆಯ ಮೇಲೆ ಎಳೆಯ ಮಡಿವಾಳ ಹಕ್ಕಿಯೊಂದು ಬೆಳಗಾದರೆ ಬಂದು ಕೂರುತ್ತದೆ. ಅದರ ಹಾಡು ಇನ್ನೂ ಕೂಡಿಲ್ಲ. ಒಂದು ಪಲುಕು ತೆಗೆದು, ಅರ್ಧಕ್ಕೆ ಬಿಟ್ಟು, ಮತ್ತೆ ಮೊದಲಿನಿಂದ ಹಿಡಿಯುತ್ತದೆ. ಆಚೆಯ ಹೊಂಗೆಮರದ ತುದಿಯಲ್ಲಿ ಬೆಳೆದ ಗಂಡೊಂದು ಪೂರ್ತಿ ಹಾಡುತ್ತದೆ. ಎಳೆಯದು ಸುಮ್ಮನಾಗಿ ಕೇಳುತ್ತದೆ. ಮೊದಲನೆಯ ಗಂಟೆ ಬಾರಿಸುವವರೆಗೆ ನಾನೂ ಅಲ್ಲೇ ನಿಂತಿರುತ್ತೇನೆ.